ಗೆರೆ ಎಳೆದದ್ದು ಯಾರ ಸುತ್ತ? ಸಾಂಕ್ರಾಮಿಕದ ಕಾಲದಲ್ಲಿ ಜನಾಂಗೀಯ ಅಲ್ಪಸಂಖ್ಯಾತರ ಹಕ್ಕುಗಳು

ಈ ಪಾಠ ಓದಲು ಕೂತರೆ ಒಡಂಬಡಿಕೆಗಳ ಹೆಸರು, ವಿಧಿಗಳ ಸಂಖ್ಯೆ ನೋಡಿಯೇ ಸುಸ್ತಾಗುತ್ತದೆ. ಅದಕ್ಕೇ ಒಂದು ಹಳೇ ಮೊಕದ್ದಮೆಯಿಂದ ಶುರು ಮಾಡುತ್ತೇನೆ. ಅದು ಮನಸ್ಸಿನಲ್ಲಿ ಕೂತರೆ ಮಿಕ್ಕಿದ್ದು ಸುಲಭ.

1900ನೇ ಇಸವಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಊರಿಗೆ ಪ್ಲೇಗ್ ಕಾಲಿಟ್ಟಿತ್ತು. ಆಡಳಿತವು ಚೀನೀಯರು ವಾಸವಿದ್ದ ಚೈನಾಟೌನ್ ಸುತ್ತ ಕ್ವಾರಂಟೈನ್ ಗೆರೆ ಎಳೆಯಿತು. ಸಾವಿರಾರು ಜನ ಒಳಗೆ ಸಿಕ್ಕಿಕೊಂಡರು. ಅವರಲ್ಲಿ ಜ್ಯೂ ಹೋ ಎಂಬ ದಿನಸಿ ವ್ಯಾಪಾರಿ ಕೋರ್ಟಿಗೆ ಹೋದರು. ಆ ಗೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ಬೀದಿ ಹಿಡಿದು ನೇರವಾಗಿ ಹೋಗಿರಲಿಲ್ಲ. ಒಂದೇ ಸಾಲಿನಲ್ಲಿ ಚೀನೀಯರ ಮನೆ ಗೆರೆಯೊಳಗೆ, ಬಿಳಿಯರ ಕಟ್ಟಡ ಹೊರಗೆ. ಗೋಡೆಯಾಚೆ ಇರುವವರು ಯಾವ ಜನಾಂಗ ಅಂತ ರೋಗ ಕೇಳುತ್ತದಾ?

ಜೂನ್ ತಿಂಗಳಲ್ಲಿ ಜಡ್ಜ್ ವಿಲಿಯಂ ಮಾರೊ ತೀರ್ಪು ಕೊಟ್ಟರು. ಕ್ವಾರಂಟೈನ್ ಮಾಡುವ ಅಧಿಕಾರವೇ ಇಲ್ಲ ಎಂದು ಅವರು ಹೇಳಲಿಲ್ಲ. ರೋಗ ಕಂಡುಬಂದ ಮನೆಗಳನ್ನು ಬೇರ್ಪಡಿಸಲು ಅಡ್ಡಿಯನ್ನೂ ಮಾಡಲಿಲ್ಲ. ಅವರಿಗೆ ತಪ್ಪಾಗಿ ಕಂಡದ್ದು ಎರಡು. ಗೆರೆ ಎಳೆದದ್ದು ಜನಾಂಗ ನೋಡಿ. ಜೊತೆಗೆ, ರೋಗ ಇದ್ದ ಮನೆ, ಇಲ್ಲದ ಮನೆ ಎಂದು ನೋಡದೆ ಎಲ್ಲರನ್ನೂ ಒಟ್ಟಿಗೆ ಕೂಡಿ ಹಾಕಿದರೆ ಸೋಂಕು ಹರಡುವ ಅಪಾಯ ಇನ್ನೂ ಜಾಸ್ತಿ. ಈ ಎರಡನೇ ಮಾತನ್ನು ನಾವು ಮರೆಯುತ್ತೇವೆ. ಹಕ್ಕು ಒಂದು ತಟ್ಟೆಯಲ್ಲಿ, ಆರೋಗ್ಯ ಇನ್ನೊಂದು ತಟ್ಟೆಯಲ್ಲಿ ಅಂತ ಉತ್ತರ ಪತ್ರಿಕೆಯಲ್ಲಿ ಸುಮ್ನೆ ತಕ್ಕಡಿ ತೂಗಿಬಿಡುತ್ತೇವೆ. ಅಲ್ಲಿ ತಾರತಮ್ಯ ಮಾಡಿದ್ದರಿಂದ ಆರೋಗ್ಯಕ್ಕೂ ಕೇಡೇ ಆಗುತ್ತಿತ್ತು.

ಅದಕ್ಕೆ ಕೆಲವೇ ವಾರ ಮೊದಲು ಅದೇ ಕೋರ್ಟು ಇನ್ನೊಂದು ಕ್ರಮವನ್ನೂ ತಡೆದಿತ್ತು. ಚೀನೀಯರು ಊರು ಬಿಟ್ಟು ಹೊರಗೆ ಹೋಗಬೇಕಾದರೆ ಹಾಫ್‌ಕಿನ್ ಪ್ಲೇಗ್ ಲಸಿಕೆ ಹಾಕಿಸಿಕೊಂಡಿರಬೇಕು ಎಂಬ ಷರತ್ತು ಅದು. ರೋಗಿಯ ಸಂಪರ್ಕಕ್ಕೆ ಬಂದಿದ್ದಾರೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ, ಜನಾಂಗ ನೋಡಿದ್ದರು ಅಷ್ಟೇ.

ಈಗ ವಿಧಿಗಳಿಗೆ ಬರೋಣ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ 1966ರದ್ದು, ಜಾರಿಗೆ ಬಂದದ್ದು 1976ರಲ್ಲಿ. ಇದರಲ್ಲಿ ನಾವು ಎಡವುವ ಜಾಗ ಒಂದಿದೆ. ಹಕ್ಕಿಗೆ ಮಿತಿ ಹಾಕುವುದು ಬೇರೆ, ಹಕ್ಕನ್ನು ತಾತ್ಕಾಲಿಕವಾಗಿ ಬದಿಗಿಡುವುದು ಬೇರೆ. 12ನೇ ವಿಧಿಯ ಓಡಾಟದ ಹಕ್ಕಿಗೆ ಸಾರ್ವಜನಿಕ ಆರೋಗ್ಯದ ಕಾರಣಕ್ಕೆ ಮಿತಿ ಹಾಕಬಹುದು ಅಂತ ಆ ವಿಧಿಯೇ ಹೇಳುತ್ತದೆ. ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸುವ ಅಗತ್ಯವೇ ಇಲ್ಲ. ಬದಿಗಿಡಬೇಕಾದರೆ 4ನೇ ವಿಧಿಗೆ ಹೋಗಬೇಕು. ಅದರ ಷರತ್ತುಗಳು ಬಿಗಿ. ರಾಷ್ಟ್ರದ ಅಸ್ತಿತ್ವಕ್ಕೇ ಕುತ್ತು ತರುವ ತುರ್ತು ಇರಬೇಕು, ಅದನ್ನು ಅಧಿಕೃತವಾಗಿ ಘೋಷಿಸಿರಬೇಕು, ಎಷ್ಟು ಬೇಕೋ ಅಷ್ಟೇ ಕ್ರಮ ತೆಗೆದುಕೊಳ್ಳಬೇಕು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಮೂಲಕ ಬೇರೆ ದೇಶಗಳಿಗೆ ತಿಳಿಸಬೇಕು. ಇಷ್ಟಾದ ಮೇಲೂ ಆ ಕ್ರಮ ಕೇವಲ ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ ಅಥವಾ ಸಾಮಾಜಿಕ ಮೂಲದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ.

ಅಲ್ಪಸಂಖ್ಯಾತರ ಹಕ್ಕು ಇರುವುದು 27ನೇ ವಿಧಿಯಲ್ಲಿ: ತಮ್ಮ ಸಂಸ್ಕೃತಿ, ಧರ್ಮ, ಭಾಷೆಯನ್ನು ತಮ್ಮವರೊಂದಿಗೆ ಉಳಿಸಿಕೊಳ್ಳುವ ಹಕ್ಕು. ಎಂದೂ ಬದಿಗಿಡಬಾರದ ಹಕ್ಕುಗಳ ಪಟ್ಟಿಯಲ್ಲಿ 27 ಇಲ್ಲ. ಹಾಗಾದರೆ ಅದನ್ನು ಪೂರ್ತಿ ಬದಿಗಿಡಬಹುದಾ? ಇಲ್ಲ. ಈ ಹಕ್ಕಿನಲ್ಲಿ ಯಾವ ಪರಿಸ್ಥಿತಿಯಲ್ಲೂ ಕಾಪಾಡಲೇಬೇಕಾದ ಅಂಶಗಳಿವೆ ಎಂದು ಈ ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿ, ವಿಧಿಗಳ ಅರ್ಥ ಬಿಡಿಸಿ ಹೇಳುವ ತನ್ನ 2001ರ 29ನೇ ಸಾಮಾನ್ಯ ಟಿಪ್ಪಣಿಯಲ್ಲಿ ಹೇಳಿದೆ. ಕೋವಿಡ್ ಶುರುವಿನಲ್ಲಿ, 2020ರ ಏಪ್ರಿಲ್‌ನಲ್ಲಿ, ಅದೇ ಸಮಿತಿ ಇನ್ನೊಂದು ಎಚ್ಚರಿಕೆ ಕೊಟ್ಟಿತು: ತುರ್ತಿನ ಕಾಲದಲ್ಲೂ ಹಿಂಸೆಗೆ, ತಾರತಮ್ಯಕ್ಕೆ ಕುಮ್ಮಕ್ಕು ಕೊಡುವ ಜನಾಂಗೀಯ ದ್ವೇಷದ ಪ್ರಚಾರವನ್ನು ಸಹಿಸುವಂತಿಲ್ಲ. ರೋಗ ಬಂದಾಗಲೆಲ್ಲ ಯಾರದೋ ತಲೆಗೆ ಅದನ್ನು ಕಟ್ಟುವವರು ಹುಟ್ಟಿಕೊಳ್ಳುತ್ತಾರೆ, ಹಾಗಾಗಿ ಈ ಮಾತು ಬೇಕಿತ್ತು.

4ನೇ ವಿಧಿಯ ‘ಕೇವಲ’ ಎಂಬ ಪದ ನೋಡಿದರೆ ಜನಾಂಗದ ಹೆಸರು ಹೇಳದ ಆದೇಶವೆಲ್ಲ ಪಾಸಾದಂತೆ ಕಾಣುತ್ತದೆ. ಆದರೆ 1965ರ ಜನಾಂಗೀಯ ತಾರತಮ್ಯ ನಿರ್ಮೂಲನಾ ಒಪ್ಪಂದ ಇದೆಯಲ್ಲ, ಅದರ 1ನೇ ವಿಧಿಯ ತಾರತಮ್ಯದ ವ್ಯಾಖ್ಯೆಯಲ್ಲಿ ‘ಉದ್ದೇಶ ಅಥವಾ ಪರಿಣಾಮ’ ಎಂದಿದೆ. ಈ ‘ಅಥವಾ’ಕ್ಕೆ ಅಡಿಗೆರೆ ಹಾಕಿಕೊಳ್ಳಿ. ಕೆಟ್ಟ ಉದ್ದೇಶವನ್ನು ಸಾಬೀತು ಮಾಡಲೇಬೇಕೆಂದಿಲ್ಲ. ಆದೇಶದಲ್ಲಿ ಏನು ಬರೆದಿದೆ ಎನ್ನುವುದರ ಜೊತೆಗೆ ಅದು ಯಾರ ಮೇಲೆ ಹೋಗಿ ಬಿತ್ತು ಅಂತಲೂ ನೋಡಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನ್ ನೋಡಿ. 2020ರ ಜುಲೈ 4ರ ಮಧ್ಯಾಹ್ನ ಒಂಬತ್ತು ಸರ್ಕಾರಿ ವಸತಿ ಗೋಪುರಗಳನ್ನು ಆ ಕ್ಷಣದಿಂದಲೇ ಮುಚ್ಚಲಾಯಿತು. ಒಳಗಿದ್ದವರು ಸುಮಾರು 3,000 ಜನ, ಅವರಲ್ಲಿ ಬಹಳ ಮಂದಿ ವಲಸೆ ಮತ್ತು ನಿರಾಶ್ರಿತ ಕುಟುಂಬದವರು. ಕಿಟಕಿಯಿಂದ ಕೆಳಗೆ ನೋಡಿದರೆ ಪೊಲೀಸರು. ಯಾಕೆ ಬಂದಿದ್ದಾರೆ ಅಂತ ತಮ್ಮ ಭಾಷೆಯಲ್ಲಿ ಹೇಳುವವರಿಲ್ಲ. ಊಟ, ಔಷಧಿ ತಲುಪುವುದೂ ತಡವಾಯಿತು. ಆಲ್ಫ್ರೆಡ್ ಸ್ಟ್ರೀಟ್‌ನ 33ನೇ ನಂಬರಿನ ಗೋಪುರದಲ್ಲಿ ಈ ಬಂಧನ ಎರಡು ವಾರ ನಡೆಯಿತು. ಬಹಳ ದಿನಗಳ ಮೇಲೆ ಹೊರಗೆ ಗಾಳಿಗೆ ಬಿಡಲು ಜಾಗ ಮಾಡಿದರು, ಅದೂ ಬೇಲಿ ಹಾಕಿದ ಜಾಗ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಓಂಬುಡ್ಸ್‌ಮನ್ (ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) ಡೆಬೊರಾ ಗ್ಲಾಸ್ ಅದೇ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಗೋಪುರಗಳನ್ನು ಮುಚ್ಚುವುದಕ್ಕೆ ಆರೋಗ್ಯದ ಕಾರಣ ಇತ್ತು, ಆದರೆ ಒಂದು ಗಳಿಗೆಯೂ ಕೊಡದೆ ಮುಚ್ಚಿದ್ದಕ್ಕೆ ಆರೋಗ್ಯ ಅಧಿಕಾರಿಯ ಸಲಹೆ ಇರಲಿಲ್ಲ ಎಂಬುದು ಅವರು ಕಂಡ ಸತ್ಯ. ರಾಜ್ಯದ 2006ರ ಮಾನವ ಹಕ್ಕು ಸನ್ನದು ಉಲ್ಲಂಘನೆಯಾಗಿದೆ, ನಿವಾಸಿಗಳ ಕ್ಷಮೆ ಕೇಳಿ ಎಂದರು. ಸರ್ಕಾರ ಕೇಳಲಿಲ್ಲ. ನನಗೆ ಈ ವರದಿಯಲ್ಲಿ ಇಷ್ಟವಾದದ್ದು ಅದು ‘ಮುಚ್ಚಬಹುದಾ’ ಎಂಬಲ್ಲಿಗೇ ನಿಲ್ಲದೆ ‘ಈಗಲೇ ಯಾಕೆ, ಹೀಗೇ ಯಾಕೆ’ ಎಂದು ಕೇಳಿದ ರೀತಿ. ‘ಎಷ್ಟು ಬೇಕೋ ಅಷ್ಟೇ’ ಎಂಬ ತತ್ವವನ್ನು ಪ್ರಯೋಗಿಸುವುದು ಅಂದರೆ ಇದೇ ಅಲ್ವಾ?

ಅಂತ್ಯಸಂಸ್ಕಾರದ ವಿಷಯದಲ್ಲೂ ಇದೇ ಪ್ರಶ್ನೆ ಬಂತು. ಶ್ರೀಲಂಕಾದಲ್ಲಿ 2020ರಿಂದ 2021ರ ಫೆಬ್ರುವರಿವರೆಗೆ ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕೆಂಬ ನಿಯಮವಿತ್ತು. ಮಾತಿನಲ್ಲಿ ಅದು ಎಲ್ಲರಿಗೂ ಒಂದೇ. ಪೆಟ್ಟು ಬಿದ್ದದ್ದು ಹೂಳುವ ಪದ್ಧತಿಯ ಮುಸ್ಲಿಮರಿಗೆ. ಹೂಳಿದರೂ ತೊಂದರೆಯಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇತ್ತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಧರ್ಮಾಚರಣೆಗೆ ಆರೋಗ್ಯದ ಕಾರಣಕ್ಕೆ ಮಿತಿ ಹಾಕಲು ಬಿಡುತ್ತದೆ, ನಿಜ. ಆದರೆ ಆ ಮಿತಿ ಅಗತ್ಯ ಎಂದು ತೋರಿಸುವ ಹೊರೆ ಸರ್ಕಾರದ್ದು. 2024ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೇಳಿತು. ಆ ಹೊತ್ತಿಗೆ ಎಷ್ಟೋ ದೇಹಗಳು ಬೂದಿಯಾಗಿದ್ದವು.

ಇದುವರೆಗೆ ಹೇಳಿದ್ದು ಸರ್ಕಾರ ಏನು ಮಾಡಬಾರದು ಅಂತ. ಏನು ಮಾಡಲೇಬೇಕು ಎಂಬುದಕ್ಕೆ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ನೋಡಿ. ಸಾಂಕ್ರಾಮಿಕ ರೋಗ ತಡೆಯುವುದು, ಚಿಕಿತ್ಸೆ ಕೊಡುವುದು ಅಲ್ಲಿ ಕರ್ತವ್ಯ. ಆರೋಗ್ಯದ ಹಕ್ಕನ್ನು ಹಂತ ಹಂತವಾಗಿ ಈಡೇರಿಸಬಹುದು. ತಾರತಮ್ಯ ಬಿಡುವುದನ್ನು ಮಾತ್ರ ಮುಂದೂಡುವಂತಿಲ್ಲ, ಅದು ಇವತ್ತಿನಿಂದಲೇ. ಅದಕ್ಕೆ ಮೊದಲು ಯಾರು ಜಾಸ್ತಿ ಸಾಯುತ್ತಿದ್ದಾರೆ ಅಂತ ಗೊತ್ತಿರಬೇಕು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಅಂಕಿ ಅಂಶ ಬಿಡಿಸಿ ನೋಡಿತು. ವಯಸ್ಸು, ಲಿಂಗ, ಬಡತನ, ಪ್ರದೇಶ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕೋವಿಡ್ ತಗುಲಿದ ಬಾಂಗ್ಲಾದೇಶಿ ಮೂಲದವರ ಸಾವಿನ ಅಪಾಯ ಬಿಳಿ ಬ್ರಿಟಿಷರ ಸುಮಾರು ಎರಡು ಪಟ್ಟು ಇತ್ತು. ಜನಾಂಗವಾರು ಎಣಿಸದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಕೊನೆಯದಾಗಿ ಬ್ರೆಜಿಲ್. ಅಲ್ಲಿನ ಮೂಲನಿವಾಸಿಗಳ ಒಕ್ಕೂಟವೇ ಸುಪ್ರೀಂ ಕೋರ್ಟಿಗೆ ಹೋಗಿ, ಹೊರಗಿನವರು ರೋಗ ತರದಂತೆ ನಮ್ಮ ನೆಲಕ್ಕೆ ರಕ್ಷಣೆ ಕೊಡಿ ಎಂದು ಕೇಳಿತು. 2020ರ ಜುಲೈ 8ರಂದು ನ್ಯಾಯಮೂರ್ತಿ ಲೂಯಿಸ್ ರೊಬೆರ್ಟೊ ಬರೊಸೊ ಆದೇಶ ಕೊಟ್ಟರು. ಆಗಸ್ಟ್‌ನಲ್ಲಿ ಪೂರ್ಣಪೀಠ ಅದನ್ನು ಎತ್ತಿಹಿಡಿಯಿತು. ಹೊರಜಗತ್ತಿನ ಸಂಪರ್ಕವಿಲ್ಲದೆ ಬದುಕುವ ಬುಡಕಟ್ಟುಗಳ ನೆಲಕ್ಕೆ ಆರೋಗ್ಯ ತಡೆಗಳನ್ನು ಹಾಕಬೇಕು, ಯೋಜನೆ ಮಾಡುವಾಗ ಮೂಲನಿವಾಸಿಗಳ ಪ್ರತಿನಿಧಿಗಳನ್ನೂ ಕೂರಿಸಿಕೊಳ್ಳಬೇಕು ಎಂದಿತು ಆ ಆದೇಶ. ಇದೂ ಒಂದು ಜನಾಂಗದ ಸುತ್ತ ಎಳೆದ ಗೆರೆಯೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಳಗಿದ್ದವರು ಗೆರೆ ಅಳಿಸಿ ಎಂದು ಕೋರ್ಟಿಗೆ ಹೋಗಿದ್ದರು. ಇಲ್ಲಿ ಒಳಗಿದ್ದವರೇ ಗೆರೆ ಎಳೆಯಿರಿ ಎಂದು ಹೋಗಿದ್ದರು.