ಒಂದೇ ಕ್ರೊಮ್ಯಾಟೋಗ್ರಾಮ್, ಎರಡು ಉತ್ತರ

ಔಷಧದ ಒಂದು ಮಾದರಿಯನ್ನು ಎಚ್‌ಪಿಎಲ್‌ಸಿ ಯಂತ್ರದಲ್ಲಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಒಮ್ಮೆ ಓಡಿಸಿ, ದೊರೆತ ದತ್ತಾಂಶವನ್ನು ಎರಡು ತಂತ್ರಾಂಶಗಳಿಗೆ ಕೊಟ್ಟರೆ, ಅದರಲ್ಲಿರುವ ಕಲ್ಮಶ ಒಂದರಲ್ಲಿ ಶೇ 0.09 ಎಂದೂ ಇನ್ನೊಂದರಲ್ಲಿ ಶೇ 0.12 ಎಂದೂ ಬರಬಹುದು. ದಿನಕ್ಕೆ 2 ಗ್ರಾಂ ಮೀರದಂತೆ ಸೇವಿಸುವ ಔಷಧದ ಮೂಲವಸ್ತುವಿನಲ್ಲಿ ಸಾಮಾನ್ಯವಾಗಿ ಶೇ 0.10 ದಾಟಿದ ಕಲ್ಮಶ ಯಾವುದೆಂದು ಗುರುತಿಸಬೇಕೆಂದು ಔಷಧಗಳ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಐಸಿಎಚ್ ಸಂಸ್ಥೆಯ ಮಾರ್ಗಸೂಚಿ ಹೇಳುವುದರಿಂದ, ಈ ವ್ಯತ್ಯಾಸವನ್ನು ಚಿಕ್ಕದೆಂದು ಬದಿಗಿಡಲಾಗದು.

ಯಂತ್ರ ಅಳೆಯುವುದು ಪ್ರಮಾಣವನ್ನಲ್ಲ. ಕಾಲಕ್ಕೆ ತಕ್ಕಂತೆ ಏರಿಳಿಯುವ ಸಂಕೇತವನ್ನು ಮಾತ್ರ. ಆ ಏರಿಳಿತದ ನಕ್ಷೆಯೇ ಕ್ರೊಮ್ಯಾಟೋಗ್ರಾಮ್; ಅದರಲ್ಲಿ ಒಂದೊಂದು ವಸ್ತುವೂ ಮೂಡಿಸುವ ಶಿಖರದ, ಅಂದರೆ ಪೀಕ್‌ನ, ವಿಸ್ತೀರ್ಣದಿಂದ ಪ್ರಮಾಣವನ್ನು ಲೆಕ್ಕ ಹಾಕುತ್ತೇವೆ. ಹಿಂದೆ ಚಾರ್ಟ್ ಕಾಗದದ ಮೇಲಿನ ಪೀಕನ್ನು ಕತ್ತರಿಸಿ, ಆ ತುಂಡನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು. ಕತ್ತರಿ ಎಲ್ಲಿ ಹಾಯಿತೆಂಬುದು ಕಣ್ಣಿಗೆ ಕಾಣುತ್ತಿತ್ತು. ತಂತ್ರಾಂಶದ ಕತ್ತರಿಯೂ ಎಲ್ಲೋ ಹಾಯುತ್ತದೆ, ಆದರೆ ನಾವು ಅದನ್ನು ನೋಡದೆ ಕೊನೆಯ ಅಂಕಿಯನ್ನಷ್ಟೇ ಓದುತ್ತೇವೆ.

ಮುಖ್ಯ ಔಷಧದ ದೊಡ್ಡ ಪೀಕ್ ನಿಧಾನವಾಗಿ ಇಳಿಯುವ ಬಾಲದ ಮೇಲೆ ಕಲ್ಮಶದ ಪುಟ್ಟ ಪೀಕ್ ಕುಳಿತಿರುವ ಸಂದರ್ಭವನ್ನು ನೋಡಿ. ಎರಡರ ನಡುವಿನ ತಗ್ಗಿನಿಂದ ಬೇಸ್‌ಲೈನಿಗೆ (ಪೀಕ್ ಇಲ್ಲದಾಗ ಸಂಕೇತ ನಿಲ್ಲುವ ತಳದ ಗೆರೆಗೆ) ನೇರವಾಗಿ ಗೆರೆ ಇಳಿಸಿದರೆ ಬಾಲದ ಒಂದು ಪಾಲು ಕಲ್ಮಶದ ಲೆಕ್ಕಕ್ಕೆ ಸೇರಿ ಅದು ಹಿಗ್ಗುತ್ತದೆ. ಬಾಲದ ಇಳಿಜಾರಿನ ಗುಂಟ ಓರೆಯಾಗಿ ಕತ್ತರಿಸಿದರೆ ಅದೇ ಕಲ್ಮಶ ಕುಗ್ಗುತ್ತದೆ. ಎರಡೂ ತಂತ್ರಾಂಶಗಳು ತಮ್ಮ ನಿಯಮವನ್ನು ತಪ್ಪಿಲ್ಲದೆ ಪಾಲಿಸಿವೆ, ನಿಯಮಗಳೇ ಬೇರೆ.

ಆದ್ದರಿಂದ ಪ್ರಮಾಣಗಳನ್ನು ಹೋಲಿಸುವ ಮೊದಲು ವಿಸ್ತೀರ್ಣಗಳನ್ನು ಹೋಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅವು ಸರಿಯಾಗಿ 60 ಪಟ್ಟು ಬೇರೆಯಾಗಿದ್ದರೆ ಒಂದು ತಂತ್ರಾಂಶ ಸೆಕೆಂಡಿನಲ್ಲಿ, ಇನ್ನೊಂದು ನಿಮಿಷದಲ್ಲಿ ಲೆಕ್ಕ ಹಾಕಿದೆ ಎಂದರ್ಥ. ಸ್ಟ್ಯಾಂಡರ್ಡ್‌ಗಳೂ (ಹೋಲಿಕೆಗೆಂದು ತಯಾರಿಸಿದ, ಸಾರತೆ ತಿಳಿದ ದ್ರಾವಣಗಳು) ಅದೇ ತಂತ್ರಾಂಶದಲ್ಲಿ ಲೆಕ್ಕವಾಗಿದ್ದರೆ ಅದರಿಂದ ತೊಂದರೆಯಿಲ್ಲ. ಅನುಪಾತ ಪೀಕ್‌ನಿಂದ ಪೀಕ್‌ಗೆ ಬದಲಾಗುತ್ತಿದ್ದರೆ ಬೇಸ್‌ಲೈನಿನ ಬಳಿಯ ಚಿತ್ರವನ್ನು ದೊಡ್ಡದು ಮಾಡಿ, ಪ್ರತಿ ಪೀಕ್ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ, ಸಂಕೇತವನ್ನು ಯಾವುದಾದರೂ ತಂತ್ರಾಂಶ ನಯಗೊಳಿಸಿದೆಯೇ ಎಂದು ನೋಡಬೇಕು.

ವಿಸ್ತೀರ್ಣಗಳು ಹೊಂದಿಯೂ ಪ್ರಮಾಣಗಳು ಹೊಂದದಿದ್ದರೆ ದೋಷ ಹೆಚ್ಚಾಗಿ ಕ್ಯಾಲಿಬ್ರೇಶನ್ ಗೆರೆಯಲ್ಲಿ, ಅಂದರೆ ಸ್ಟ್ಯಾಂಡರ್ಡ್‌ಗಳ ನೆರವಿನಿಂದ ವಿಸ್ತೀರ್ಣವನ್ನು ಪ್ರಮಾಣಕ್ಕೆ ಬದಲಿಸುವ ಗೆರೆಯಲ್ಲಿರುತ್ತದೆ. 1, 10, 100 ಸಾರತೆಯ ಸ್ಟ್ಯಾಂಡರ್ಡ್‌ಗಳಿಗೆ 70, 520, 5020 ವಿಸ್ತೀರ್ಣ ಬಂದಿದೆ ಎಂದಿಟ್ಟುಕೊಳ್ಳಿ. ಗೆರೆಯನ್ನು ಅದರ ಪಾಡಿಗೆ ಬಿಟ್ಟರೆ 70 ವಿಸ್ತೀರ್ಣದ ಮಾದರಿಗೆ 1 ಎಂಬ ಉತ್ತರ ಬರುತ್ತದೆ. ಸೊನ್ನೆಯ ಮೂಲಕವೇ ಹಾಯಬೇಕೆಂದು ಕಟ್ಟಿಹಾಕಿದರೆ ಸುಮಾರು 1.4. ಆದರೆ 4020 ವಿಸ್ತೀರ್ಣಕ್ಕೆ ಎರಡೂ ಗೆರೆಗಳು ಹೆಚ್ಚುಕಡಿಮೆ 80 ಎಂದೇ ಹೇಳುತ್ತವೆ. ಹೆಚ್ಚಿನ ಸಾರತೆಯಲ್ಲಷ್ಟೇ ಪರೀಕ್ಷಿಸಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕಡಿಮೆ ಸಾರತೆಯ ಬಿಂದುಗಳಿಗೆ ಗೆರೆ ಎಳೆಯುವಾಗ ಎಷ್ಟು ಪ್ರಾಮುಖ್ಯ ಕೊಡಲಾಗಿದೆ ಎಂಬುದೂ ಇಲ್ಲಿಯೇ ಪರಿಣಾಮ ಬೀರುತ್ತದೆ.

ಯಾವ ಉತ್ತರ ಸರಿ ಎಂಬುದನ್ನು ತಂತ್ರಾಂಶದ ಹೆಸರು ನೋಡಿ ತೀರ್ಮಾನಿಸಲಾಗದು. ಮಾದರಿಗೆ ತಿಳಿದ ಪ್ರಮಾಣದ ಕಲ್ಮಶವನ್ನು ಬೆರೆಸಿ ಮತ್ತೆ ಓಡಿಸಿದಾಗ, ಬೆರೆಸಿದಷ್ಟನ್ನೇ ಯಾವ ನಿಯಮ ಮರಳಿ ತೋರಿಸುತ್ತದೋ ಅದನ್ನು ಆರಿಸಿ, ಸ್ಟ್ಯಾಂಡರ್ಡ್‌ಗಳಿಗೂ ಮಾದರಿಗಳಿಗೂ ಒಂದೇ ರೀತಿ ಅನ್ವಯಿಸಿ, ವರದಿಯಲ್ಲಿ ಬರೆದಿಡಬೇಕು.