‘ಪ್ರಯಾಣಿಕರೇ ಇಲ್ಲ’ ಎಂದರೆ ಏನನ್ನು ತೋರಿಸಬೇಕು?

ಓದುಗರ ಪ್ರಶ್ನೆ: ಕಾರವಾರದ ಒಳಭಾಗದಲ್ಲಿರುವ ನಮ್ಮ ಕೇರಿಗೆ ಬಸ್ ಕೇಳಿದಾಗಲೆಲ್ಲ ‘ಪ್ರಯಾಣಿಕರಿಲ್ಲ’ ಎಂಬ ಉತ್ತರ ಬರುತ್ತದೆ. ಇದ್ದಾರೆ ಎಂದು ತೋರಿಸುವುದು ಹೇಗೆ?

ಉತ್ತರ: ಟಿಕೆಟ್ ಲೆಕ್ಕದಲ್ಲಿ ಸಿಗುವುದು ಬಸ್ ಹತ್ತಿದವರು ಮಾತ್ರ. ಬಸ್ಸೇ ಬಾರದ ಕೇರಿಯ ಲೆಕ್ಕ ಸೊನ್ನೆಯಾಗಿರಲೇಬೇಕು. ಕಾರವಾರದಲ್ಲಿ ಇನ್ನೂ ಒಂದು ತೊಡಕಿದೆ. ಕಡಲಿಗೂ ಗುಡ್ಡಕ್ಕೂ ನಡುವೆ ಉದ್ದಕ್ಕೆ ಚಾಚಿದ ಊರಿದು. ಅಂಕೋಲಾ, ಗೋವಾ ಕಡೆಯ ಬಸ್ಸುಗಳು ಓಡುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಒಳಗಿನವರು ಅಲ್ಲಿಯವರೆಗೆ ನಡೆದುಬಂದು ಹತ್ತಿದರೆ, ಅವರ ಟಿಕೆಟ್ ಹೆದ್ದಾರಿ ನಿಲ್ದಾಣದ ಲೆಕ್ಕಕ್ಕೆ ಸೇರಿಹೋಗುತ್ತದೆ. ನಿಮ್ಮ ಕೇರಿ ಕಾಗದದ ಮೇಲೆ ಕಾಣುವುದೇ ಇಲ್ಲ.

ಆದ್ದರಿಂದ ಮನೆಮನೆಗೆ ಹೋಗಿ ವಿಚಾರಿಸಿ. ಆದರೆ ‘ಬಸ್ ಬಂದರೆ ಹತ್ತುತ್ತೀರಾ?’ ಎಂದು ದಯವಿಟ್ಟು ಕೇಳಬೇಡಿ. ಹೂಂ ಎನ್ನಲು ಯಾರಿಗೂ ಖರ್ಚಿಲ್ಲ, ಅಧಿಕಾರಿಗಳಿಗೂ ಅದು ಗೊತ್ತು. ‘ನಿನ್ನೆ ಎಲ್ಲಿಗೆ ಹೋದಿರಿ, ಎಷ್ಟು ಗಂಟೆಗೆ, ರಿಕ್ಷಾಕ್ಕೆ ಎಷ್ಟು ಕೊಟ್ಟಿರಿ, ಮರಳಿದ್ದು ಹೇಗೆ?’ ಎಂದು ಕೇಳಿ. ‘ಹೋಗಬೇಕಿದ್ದೂ ಹೋಗದೆ ಬಿಟ್ಟದ್ದು ಎಲ್ಲಿಗೆ?’ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಬೇಕಾದ ಅಜ್ಜಿ ಎರಡು ತಿಂಗಳಿಂದ ಹೋಗಿಲ್ಲವೆಂದರೆ, ಆಕೆಯ ಹೆಸರು ಯಾವ ಟಿಕೆಟ್ ಯಂತ್ರದಲ್ಲೂ ಸಿಗುವುದಿಲ್ಲ. ಬೈತಖೋಲ ಬಂದರಿನಿಂದ ಮೀನು ಹೊತ್ತು ಮಾರಲು ಹೊರಡುವವರಿಗೆ ನಸುಕಿನ ಬಸ್ ಬೇಕು, ಬುಟ್ಟಿ ಇಡಲು ಜಾಗವೂ ಬೇಕು. ಇಬ್ಬರು ಮೂವರು ಸೇರಿ ಬಾಡಿಗೆ ಹಂಚಿಕೊಂಡು ಹೋಗುವ ಪ್ರತಿಯೊಂದು ರಿಕ್ಷಾವನ್ನೂ ಬರೆದುಕೊಳ್ಳಿ. ಆ ದುಡ್ಡು ಬೇಡಿಕೆಯ ಗಟ್ಟಿ ಸಾಕ್ಷಿ.

ಅಡಗಿದ ಬೇಡಿಕೆ ಊಹೆಯ ಮಾತಲ್ಲ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ಶಕ್ತಿ ಯೋಜನೆ ಜಾರಿಯಾದೊಡನೆ ರಾಜ್ಯದುದ್ದಕ್ಕೂ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಏರಿತು. ಅದುವರೆಗೆ ಅವರಲ್ಲಿ ಎಷ್ಟೋ ಮಂದಿಯನ್ನು ದರವೇ ತಡೆದಿತ್ತು. ನಿಮ್ಮಲ್ಲಿ ತಡೆಯುತ್ತಿರುವುದು ದೂರವಿರಬಹುದು, ಹೊತ್ತೂ ಇರಬಹುದು. ಮಧ್ಯಾಹ್ನ ಬಿಟ್ಟ ಬಸ್ ಖಾಲಿ ಓಡಿತೆಂದು ಬೆಳಗಿನ ಎಂಟೂವರೆಯ ಶಾಲಾ ಮಕ್ಕಳನ್ನು ಲೆಕ್ಕದಿಂದ ಕೈಬಿಡುವುದು ಅನ್ಯಾಯ.

ಬರೆದುಕೊಂಡದ್ದನ್ನು ಗಂಟೆವಾರು ಜೋಡಿಸಿ. ಶಿರವಾಡದ ರೈಲು ನಿಲ್ದಾಣ, ಭಾನುವಾರದ ಸಂತೆ ಇವುಗಳ ಹೊತ್ತನ್ನು ಬೇರೆಯಾಗಿಯೇ ತೋರಿಸಿ. ಮನವಿ ಕಾರವಾರ ಬಸ್ ಘಟಕದ (ಡಿಪೊ) ವ್ಯವಸ್ಥಾಪಕರಿಗೆ ಹೋಗಲಿ, ಪ್ರತಿ ಶಿರಸಿಯಲ್ಲಿರುವ ವಿಭಾಗೀಯ ಕಚೇರಿಗೆ. ಹೊಸ ಬಸ್ಸನ್ನೇ ಕೇಳಬೇಕೆಂದಿಲ್ಲ. ಈಗ ಓಡುತ್ತಿರುವ ಒಂದು ಬಸ್ಸನ್ನು ಬೆಳಿಗ್ಗೆ ಮತ್ತು ಸಂಜೆ ನಿಮ್ಮ ಕೇರಿಯ ಮೇಲೆ ಹಾಯಿಸಿ, ಮೂರು ತಿಂಗಳು ಅದೇ ಸಮಯಕ್ಕೆ ತಪ್ಪದೆ ಓಡಿಸಿ ನೋಡಿ ಎಂದು ಬರೆಯಿರಿ.