ಹಳೆ ಹಾರ್ಡ್ ಡಿಸ್ಕ್ ಹೊಸ ಕಂಪ್ಯೂಟರಿಗೆ: ಅಡಾಪ್ಟರ್ ಚುಚ್ಚುವ ಮುನ್ನ

ಅಟ್ಟ ಸೇರಿದ ಹಳೆ ಸಿಪಿಯು ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ ಮದುವೆಯ ಫೋಟೊಗಳೋ ಅಂಗಡಿಯ ಲೆಕ್ಕವೋ ಉಳಿದಿರುತ್ತದೆ. ಅದನ್ನು ಯುಎಸ್‌ಬಿ ಮೂಲಕ ಇಂದಿನ ಲ್ಯಾಪ್‌ಟಾಪಿಗೆ ಜೋಡಿಸುವ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಆದರೆ ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದರೂ ಹಾಳಾಗದ ಡಿಸ್ಕ್, ಜೋಡಿಸುವ ಐದು ನಿಮಿಷದಲ್ಲಿ ಸುಟ್ಟುಹೋಗಬಹುದು. ಅದಕ್ಕೆ ಕಾರಣ ಹೆಚ್ಚಾಗಿ ಕರೆಂಟು.

ಮೊದಲು ಡಿಸ್ಕಿನ ಹಿಂಬದಿ ನೋಡಿ. ಎರಡು ಸಾಲಿನಲ್ಲಿ ಸೂಜಿಯಂಥ ಪಿನ್‌ಗಳಿದ್ದರೆ ಅದು ಐಡಿಇ ಎಂಬ ಹಳೆ ಬಗೆಯ ಜೋಡಣೆ. ಪಿನ್‌ಗಳ ಬದಲು ಎಲ್ ಆಕಾರದ ಎರಡು ಚಪ್ಪಟೆ ಪಟ್ಟಿಗಳಿದ್ದರೆ ಅದರ ನಂತರ ಬಂದ ಸಾಟಾ. ಇದರಲ್ಲಿ ಉಲ್ಟಾ ಚುಚ್ಚುವ ಭಯವಿಲ್ಲ. ಐಡಿಇಯಲ್ಲೇ ಎರಡು ಅಳತೆಗಳಿವೆ: ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 40 ಪಿನ್, ಲ್ಯಾಪ್‌ಟಾಪಿನ 2.5 ಇಂಚಿನದಕ್ಕೆ 44 ಪಿನ್. ಹೆಚ್ಚುವರಿ ನಾಲ್ಕು ಪಿನ್‌ಗಳಲ್ಲೇ ಅದಕ್ಕೆ ಬೇಕಾದ 5 ವೋಲ್ಟ್ ಪವರ್ ಬರುತ್ತದೆ. ಈ 44ರ ಪಕ್ಕ ಸ್ವಲ್ಪ ಜಾಗ ಬಿಟ್ಟು ಜಂಪರಿಗೆಂದು (ಎರಡು ಪಿನ್ ಸೇರಿಸಿ ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಪುಟ್ಟ ಟೋಪಿ) ಇನ್ನೂ ನಾಲ್ಕು ಪಿನ್‌ಗಳಿರುತ್ತವೆ. ಅಡಾಪ್ಟರ್ ಒಂದೆರಡು ಪಿನ್ ಆಚೀಚೆ ಸರಿದು ಕೂತರೆ ಪವರ್ ತಪ್ಪು ಕಡೆಗೆ ಹೋಗುತ್ತದೆ. 40, 44 ಎರಡರಲ್ಲೂ 20ನೇ ಪಿನ್ ಇರುವುದಿಲ್ಲ. ಆ ಖಾಲಿ ಜಾಗವೇ ನಿಮಗೆ ಗುರುತು. ಟಾರ್ಚ್ ಹಿಡಿದು ಅದನ್ನು ನೋಡಿಕೊಂಡು ನೇರವಾಗಿ ಒತ್ತಿ, ಅಲ್ಲಾಡಿಸಬೇಡಿ. ಪಿನ್ ಬಾಗಿದ್ದರೆ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಅದಕ್ಕೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು.

3.5 ಇಂಚಿನ ಡಿಸ್ಕ್ ಐಡಿಇ ಆಗಲಿ ಸಾಟಾ ಆಗಲಿ, ಯುಎಸ್‌ಬಿ ಪವರ್ ಸಾಲದು, 12 ವೋಲ್ಟ್ ಬೇಕೇ ಬೇಕು. ತಿರುಗಲು ಶುರುವಾಗುವ ಕೆಲವು ಸೆಕೆಂಡು ಅದು ಸುಮಾರು 2 ಆಂಪ್ಸ್ ಎಳೆಯುತ್ತದೆ. ಆದ್ದರಿಂದ 12 ವೋಲ್ಟ್, ಕನಿಷ್ಠ 2 ಆಂಪ್ಸ್ ಎಂದು ಬರೆದ ಪವರ್ ಅಡಾಪ್ಟರ್ ಜೊತೆಗೇ ಬರುವ ಸೆಟ್ಟನ್ನೇ ಕೊಳ್ಳಿ. ಐಡಿಇಯ ನಾಲ್ಕು ತಂತಿಯ ಪವರ್ ಪ್ಲಗ್‌ನಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್. ಪ್ಲಗ್ಗಿನ ಎರಡು ಮೂಲೆ ಕತ್ತರಿಸಿದ ಹಾಗಿರುತ್ತವೆ, ಉಲ್ಟಾ ಕೂರಬಾರದೆಂದೇ. ಆದರೂ ಅಗ್ಗದ ಪ್ಲಾಸ್ಟಿಕ್ ಜೋರಾಗಿ ಒತ್ತಿದರೆ ಉಲ್ಟಾ ಹೋಗಿಬಿಡುತ್ತದೆ. ಆಗ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ನುಗ್ಗಿ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ.

ಐಡಿಇ ಡಿಸ್ಕ್ ತಿರುಗುವ ಸದ್ದು ಬರುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತಿಲ್ಲ ಎಂದರೆ ಜಂಪರ್ ನೋಡಿ. ಅದನ್ನು ಮಾಸ್ಟರ್‌ಗೆ (ಮುಖ್ಯ ಡಿಸ್ಕ್ ಎಂಬ ಸ್ಥಾನಕ್ಕೆ) ಇಡಿ; ನಕ್ಷೆ ಡಿಸ್ಕಿನ ಲೇಬಲ್ ಮೇಲೆಯೇ ಇರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಎಷ್ಟೋ ಹಳೆ ಐಡಿಇ ಡಿಸ್ಕ್‌ಗಳಲ್ಲಿ, ಒಂದೇ ಡಿಸ್ಕ್ ಇದ್ದಾಗ ಜಂಪರನ್ನು ಪೂರ್ತಿ ತೆಗೆಯಬೇಕು. ಜಂಪರ್ ಬದಲಿಸುವ ಮುನ್ನ ಪವರ್ ಆಫ್ ಮಾಡಿ. ಆಮೇಲೆ ಈ ಕ್ರಮ ಹಿಡಿಯಿರಿ: ಡೇಟಾ ಕಡೆ, ಪವರ್ ಪ್ಲಗ್, ಸ್ವಿಚ್ ಆನ್, ಹತ್ತು ಸೆಕೆಂಡು ಕಾದು ಕೊನೆಗೆ ಯುಎಸ್‌ಬಿ.

ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿದರೆ ತಕ್ಷಣ ಆಫ್ ಮಾಡಿ. 2.5 ಇಂಚಿನದಾದರೆ ಯುಎಸ್‌ಬಿಯಿಂದ ಪವರ್ ಸಾಲದೆಯೂ ಹಾಗಾಗುತ್ತದೆ: ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್ಸ್, 3.0 ಪೋರ್ಟ್ 900. ಎರಡು ಯುಎಸ್‌ಬಿ ತುದಿಯ ಕೇಬಲ್ ಹಾಕಿ ಒಮ್ಮೆ ನೋಡಿ. ಆಗಲೂ ಬಡಿದರೆ ಡೇಟಾ ಓದುವ ಒಳಗಿನ ಹೆಡ್ ಕೆಟ್ಟಿರುವ ಸಂಭವವೇ ಹೆಚ್ಚು. ಮತ್ತೆ ಮತ್ತೆ ಆನ್ ಮಾಡುವುದು ಉಳಿದ ಡೇಟಾವನ್ನೂ ಕೆರೆದು ಹಾಕಿದಂತೆ. ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಡಿಸ್ಕ್ ಕಾಣಿಸಿಕೊಂಡು, ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ, ದೋಷ ಸರಿಪಡಿಸುವಾಗ ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಓದುವಾಗ ತಡವರಿಸುವ ಡಿಸ್ಕ್ ಆದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಯಥಾವತ್ ನಕಲಿನ ಕಡತ) ತೆಗೆದು, ಆ ಇಮೇಜಿನ ಮೇಲೆ ಕೆಲಸ ಮಾಡಿ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆರೋಗ್ಯವಾಗಿರುವ 80 ಜಿಬಿ ಡಿಸ್ಕಿಗೆ ಯುಎಸ್‌ಬಿ 2.0ರಲ್ಲಿ ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ.

ಫೈಲ್‌ಗಳನ್ನು ಎತ್ತಿಕೊಳ್ಳುವಾಗ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ನುಡಿ, ಬರಹಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳು ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ. ಅದೇ ಫಾಂಟ್ ಹಾಕಿದರೆ ಅಕ್ಷರ ಮತ್ತೆ ಕಾಣುತ್ತದೆ, ಆಮೇಲೆ ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ಬದಲಿಸಿಕೊಳ್ಳಬಹುದು.